ಕತ್ತಿಗೆ ಕೆನ್ನೆ ಕೊಟ್ಟವರ ಮಾತು

ಕಿಟಕಿಯ ಗಾಜು ಇನ್ನೂ ಕಪ್ಪಗಿದೆ. ಗಂಡಸರ ಶಸ್ತ್ರಚಿಕಿತ್ಸಾ ವಾರ್ಡಿನ ಉದ್ದನೆಯ ಹಾದಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ನಿಂತ ಒಬ್ಬರು ಸ್ಟೀಲ್ ಬೋಗುಣಿಗೆ ಬಿಸಿನೀರು ಸುರಿದು, ಮುಂಗೈ ಮೇಲೆ ನಾಲ್ಕು ಹನಿ ಹಾಕಿಕೊಂಡು ಹದ ನೋಡುತ್ತಿದ್ದಾರೆ. ಆಮೇಲೆ ಕೈ ತೊಳೆದು, ಗ್ಲೌಸು ಹಾಕಿಕೊಂಡು, ಮೂಲೆಯ ಮಂಚದ ಪರದೆ ಎಳೆಯುತ್ತಾರೆ. ಒಳಗೆ ಮಲಗಿರುವ ಬಸ್ ಡ್ರೈವರ್‌ಗೆ ಇವತ್ತು ಹರ್ನಿಯಾ ಆಪರೇಷನ್. ರಾತ್ರಿಯಿಡೀ ನಿದ್ದೆ ಇಲ್ಲ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಪರದೆಯ ಈಚೆ ನಿಂತಿದ್ದೇನೆ.

"ಭಯವೇ?" ಎಂದು ಅವರು ಕೇಳುವುದಿಲ್ಲ. "ಮೀಸೆ ಇರಲೋ, ಹೋಗಲೋ?" ಎನ್ನುತ್ತಾರೆ.

"ಮೀಸೆ ಮುಟ್ಟಬೇಡಿ ಮಾರಾಯ್ರೆ. ಮನೇಲಿ ಗುರುತು ಹಿಡಿಯಲ್ಲ."

ಒಳಗಿಂದ ಸಣ್ಣ ನಗು ಕೇಳಿಸುತ್ತದೆ. ನಕ್ಕವನು ಡ್ರೈವರ್.

ನರ್ಸುಗಳು ಇವರನ್ನು ಬ್ಲೇಡಣ್ಣ ಎಂದು ಕರೆಯುತ್ತಾರೆ. ಹೆಸರು ಹಾಗಿದ್ದರೂ ಯಾರಿಗೂ ಬ್ಲೇಡು ಹಾಕಿದ ಮನುಷ್ಯ ಅಲ್ಲ. ಆಪರೇಷನ್‌ಗೆ ಹೋಗುವವರ ಮೈಯ ಕೂದಲು ತೆಗೆದು ಸಿದ್ಧ ಮಾಡುವುದು ಇವರ ನೌಕರಿ. ಕೊಯ್ಯುವ ಜಾಗಕ್ಕೆ ಕತ್ತಿ ತಾಗಿಸುವಂತಿಲ್ಲ. ಸಣ್ಣ ಗೀರು ಬಿದ್ದರೂ ನಂಜು ಸೇರುತ್ತದೆ. ಅಲ್ಲಿ ಕೂದಲು ಕತ್ತರಿಸುವ ಮೆಷಿನ್ನೇ ಆಗಬೇಕು. ಮುಖಕ್ಷೌರ ಇವರ ಕೆಲಸದಲ್ಲಿ ಸೇರಿಲ್ಲ. ಆದರೂ ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ. ಬೆಳಗಿನ ಹೊತ್ತಿಗೆ ಹತ್ತು ಹನ್ನೆರಡು ಜನ ಇವರ ಕೈಯಿಂದ ದಾಟಿ ಹೋಗುತ್ತಾರೆ. ಒಬ್ಬೊಬ್ಬರಿಗೂ ಹೊಸ ಬ್ಲೇಡು, ಹೊಸ ಟವೆಲು.

"ಗಡ್ಡ ಬಿಟ್ಕೊಂಡು ಮಲಗಿದ್ರೆ ಮನುಷ್ಯ ಇನ್ನೂ ಕಾಯಿಲೆಯವನ ಹಾಗೆ ಕಾಣ್ತಾನೆ ಮೇಡಂ. ನುಣ್ಣಗೆ ಮಾಡಿದ್ರೆ ಒಂದು ಧೈರ್ಯ. ಕನ್ನಡಿ ಹಿಡಿದು ತೋರಿಸಿದ ಮೇಲೆ ಎಲ್ರೂ ಒಂದ್ಸಲ ಕೆನ್ನೆ ಸವರಿಕೊಳ್ತಾರೆ, ನೋಡಿ ಬೇಕಾದ್ರೆ."

ಮೊದಲು ಬಸ್ ನಿಲ್ದಾಣದ ಎದುರು ಇವರದೇ ಸ್ವಂತ ಅಂಗಡಿಯಿತ್ತು. ಎರಡು ಕುರ್ಚಿ, ಒಂದು ರೇಡಿಯೋ, ಕಾಯುವವರಿಗೆ ಬೆಂಚು. ರಸ್ತೆ ಅಗಲ ಮಾಡುವಾಗ ಅಂಗಡಿಯ ಅರ್ಧ ರಸ್ತೆಗೆ ಹೋಯಿತು. ಉಳಿದರ್ಧದಲ್ಲಿ ಕುರ್ಚಿ ತಿರುಗಿಸಲೂ ಜಾಗವಿರಲಿಲ್ಲ. ಆಮೇಲೆ ಒಂದಷ್ಟು ಕಾಲ ಮನೆಮನೆಗೆ ಹೋಗಿ ಕ್ಷೌರ ಮಾಡಿದರು. ಹಾಸಿಗೆ ಹಿಡಿದ ಒಬ್ಬ ಹಿರಿಯರಿಗೆ ಗಡ್ಡ ಮಾಡಲು ಹೋಗಿ ಬರುತ್ತಿದ್ದಾಗ, ಅವರ ಸೊಸೆ, ಇದೇ ಆಸ್ಪತ್ರೆಯ ನರ್ಸು, ಇಲ್ಲಿ ಕೆಲಸ ಖಾಲಿ ಇದೆ ಎಂದರು. ಬಂದ ಹೊಸದರಲ್ಲಿ ರೋಗಿಗಳ ಹುಣ್ಣು, ವಾಸನೆ ಕಂಡು ಊಟ ಸೇರುತ್ತಿರಲಿಲ್ಲ. ಈಗಲೂ ಸೋಂಕುನಾಶಕಕ್ಕೆ ಬೆರಳ ತುದಿ ಒಡೆಯುತ್ತದೆ. ರಾತ್ರಿ ಹೆಂಡತಿ ಕೊಬ್ಬರಿ ಎಣ್ಣೆ ಹಚ್ಚಿಕೊಡುತ್ತಾರೆ. "ಊರಿನ ಗಡ್ಡವೆಲ್ಲ ಇವರದ್ದೇ. ಸ್ವಂತ ಗಡ್ಡ ಮಾತ್ರ ವಾರಕ್ಕೊಂದ್ಸಲ," ಎಂದು ಆಕೆ ನಗುತ್ತಾರೆ.

ಅಂಗಡಿಯ ದಿನಗಳನ್ನು ನೆನೆದರೆ ಇವರಿಗೂ ನಗು ಬರುತ್ತದೆ. ಬೆಂಚಿನ ಮೇಲೆ ಕೂತವರೆಲ್ಲ ವೈದ್ಯರೇ. ಬಿಪಿ ಸರಿ ಬಂದಮೇಲೆ ಮಾತ್ರೆ ಯಾಕೆ, ನಿಲ್ಲಿಸು ಎಂದು ಒಬ್ಬ ಹೇಳಿದರೆ, ಒಂದಕ್ಕೆ ಗುಣವಾಗದಿದ್ದರೆ ಎರಡು ನುಂಗು ಎಂದು ಇನ್ನೊಬ್ಬ. ಬೇರಿನ ಪುಡಿ ಔಷಧಿ ಲೆಕ್ಕಕ್ಕೇ ಇಲ್ಲ, ಅದನ್ನು ಡಾಕ್ಟರಿಗೆ ಯಾಕೆ ಹೇಳಬೇಕು ಎಂದು ಮತ್ತೊಬ್ಬ. "ನಾನೂ ಕತ್ತರಿ ಆಡಿಸ್ತಾ ಹೂಂ ಅಂತಿದ್ದೆ. ಹೇಳಿದೋರಿಗೂ ಕೇಳಿದೋರಿಗೂ ಆಯಸ್ಸು ಗಟ್ಟಿ ಇತ್ತು, ಬದುಕಿಕೊಂಡ್ರು."

ಆಸ್ಪತ್ರೆಗೆ ಬಂದರೂ ಆ ಮಾತುಗಳು ಇವರನ್ನು ಬಿಟ್ಟಿಲ್ಲ. ಇಲ್ಲಿ ಅವನ್ನು ಕಿವಿಯಲ್ಲಿ ಗುಟ್ಟಾಗಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಡಾಕ್ಟರ ಎದುರು ಪರೀಕ್ಷೆಗೆ ಕೂತವರಂತೆ ಬಿಗಿದುಕೊಳ್ಳುವವರು, ಮುಖಕ್ಕೆ ಬೆಚ್ಚಗಿನ ನೊರೆ ಹತ್ತುತ್ತಲೇ ಸಡಿಲವಾಗುತ್ತಾರೆ.

"ಅವರು ಸೂರು ನೋಡ್ತಿರ್ತಾರೆ, ನಾನು ಕೆನ್ನೆ ನೋಡ್ತಿರ್ತೀನಿ. ಕಣ್ಣಿಗೆ ಕಣ್ಣು ಸೇರಲ್ಲ. ಅದಕ್ಕೇ ಮಾತು ಬರತ್ತೆ. ಜ್ವರ ಇಳೀತು ಅಂತ ಮಾತ್ರೆ ಅರ್ಧಕ್ಕೇ ಬಿಟ್ಟೆ ಅಂತಾರೆ. ಸಕ್ಕರೆ ಮಾತ್ರೆ ನುಂಗಿ ಊಟ ಬಿಟ್ಟೆ ಅಂತಾರೆ. ನನಗೇನು ಗೊತ್ತು ಮೇಡಂ, ಅದು ಸರಿಯೋ ತಪ್ಪೋ? ನಾನು ಒಂದೇ ಮಾತು ಹೇಳೋದು: ನನಗೆ ಹೇಳಿದ್ರಲ್ಲ, ಇದನ್ನೇ ಸಿಸ್ಟರ್‌ಗೂ ಹೇಳಿಬಿಡಿ."

ಹೆಚ್ಚಿನವರು ಹೇಳುತ್ತಾರೆ. ಕಳೆದ ವರ್ಷ ಒಬ್ಬರು ಹೇಳಲು ಒಪ್ಪಲಿಲ್ಲ.

ಅವರು ಬಡಗಿ. ಅರುವತ್ತು ದಾಟಿದ ಗಟ್ಟಿ ಆಳು. ಪ್ರೋಸ್ಟೇಟ್ ಗ್ರಂಥಿಯ ಆಪರೇಷನ್‌ಗೆ ಬಂದಿದ್ದರು. ಮಗಳು ಕೆಲಸಕ್ಕೆ ರಜೆ ಹಾಕಿ ಜೊತೆಗಿದ್ದಳು. ಪಟ್ಟಿಯಲ್ಲಿ ಮೊದಲ ಹೆಸರೇ ಅವರದು. ಮೆಷಿನ್ ಕೆಲಸ ಮುಗಿದ ಮೇಲೆ, "ಮುಖಾನೂ ಒಂದು ಮಾಡಿಬಿಡಪ್ಪ. ರಂದ ಹೊಡೆದ ಹಲಗೆ ಹಾಗೆ ಇರಬೇಕು," ಎಂದರು. ದವಡೆಯ ಮೇಲೊಂದು ಮಚ್ಚೆ. ಅದರ ಅಂಚಿಗೆ ಕತ್ತಿ ಒಂಚೂರು ತಾಗಿತು.

"ಸಾಸಿವೆ ಕಾಳಷ್ಟು ಗಾಯ. ಹತ್ತಿಬಟ್ಟೆ ಒತ್ತಿ ಹಿಡಿದೆ. ತೆಗೆದ್ರೆ ಮತ್ತೆ ಒಸರ್ತಿದೆ. ಇನ್ನೊಂದು ಒತ್ತಿದೆ, ಅದೂ ನೆನೀತು."

ಬಡಗಿಗೆ ಅದು ಏನೂ ಅಲ್ಲ. "ಬಿಡಪ್ಪ, ನಂದು ಬಿಸಿ ರಕ್ತ. ಈಗೀಗ ಉಳಿ ತಾಗಿದ್ರೂ ಹೀಗೇ, ಬೇಗ ನಿಲ್ಲಲ್ಲ," ಎಂದು ತೋಳು ತೋರಿಸಿದರು. ಅಲ್ಲಲ್ಲಿ ನೀಲಿ ಕಲೆಗಳಿದ್ದವು.

"ಯಾವ್ದಾದ್ರೂ ಮಾತ್ರೆ ತಗೋತೀರಾ ಯಜಮಾನ್ರೇ?"

"ಇಲ್ಲಪ್ಪ. ಡಾಕ್ಟ್ರೂ ಕೇಳಿದ್ರು. ನಂದು ಅಂತ ಒಂದು ಮಾತ್ರೆನೂ ಇಲ್ಲ."

ಬ್ಲೇಡಣ್ಣ ಇನ್ನೊಂದು ಹತ್ತಿಬಟ್ಟೆ ಬಿಚ್ಚಿದರು. ಹಾಗೇ ಬಾಯಿಗೆ ಬಂದದ್ದನ್ನು ಕೇಳಿದರು: "ನಿಮ್ಮದಲ್ಲದ್ದು?"

ಬಡಗಿ ಸೂರು ನೋಡುತ್ತಲೇ ಬಾಯಿಬಿಟ್ಟರು. ಅಣ್ಣನಿಗೆ ಹೃದಯದ ತೊಂದರೆಯಾಗಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಮಾತ್ರೆ ಕೊಟ್ಟಿದ್ದಾರೆ. ಅದನ್ನು ಅಣ್ಣ ತಮ್ಮನಿಗೂ ಕೊಡುತ್ತಾನೆ. "ನಮ್ಮಪ್ಪ ಎದೆನೋವಲ್ಲೇ ಹೋಗಿದ್ದು. ನಂಗೆ ಬಂದಿದ್ದು ನಿಂಗೆ ಬರಬಾರ್ದು ಕಣೋ ಅಂತ ಕೊಡ್ತಾನೆ. ಅವನ ಎದುರೇ ನುಂಗಬೇಕು." ತಕ್ಷಣ ಇವರ ಕೈ ಹಿಡಿದುಕೊಂಡರು. "ಹೇಳ್ಬೇಡಪ್ಪ. ಆಪರೇಷನ್ ಮುಂದೆ ಹಾಕ್ತಾರೆ. ಮಗಳಿಗೆ ಮತ್ತೆ ರಜೆ ಸಿಗಲ್ಲ. ಅಣ್ಣನಿಗೂ ಬೈತಾರೆ."

ಹೊರಗೆ ಸ್ಟ್ರೆಚರ್ ಬಂದು ನಿಂತಿತ್ತು.

"ಒಂದು ಕಡೆ ಅವರ ನಂಬಿಕೆ, ಒಂದು ಕಡೆ ಅವರ ಜೀವ. ನಂಬಿಕೆ ಮುರಿದ್ರೆ ನಾಳೆ ಯಾರೂ ನಂಗೆ ಏನೂ ಹೇಳಲ್ಲ. ಆದ್ರೂ ಹಾಗೇ ಕಳಿಸೋಕಾಗಲ್ವಲ್ಲ. ನೀವೇ ಹೇಳಿ ಯಜಮಾನ್ರೇ, ನಾನು ಪಕ್ಕದಲ್ಲೇ ನಿಂತಿರ್ತೀನಿ ಅಂದೆ. ನೀವು ಹೇಳದಿದ್ರೆ ನಾನು ಹೇಳ್ಬೇಕಾಗತ್ತೆ, ಅದಕ್ಕೆ ಕ್ಷಮಿಸಿ ಅಂತಾನೂ ಅಂದೆ."

ನರ್ಸು ಬಂದರು, ಹಿಂದೆಯೇ ಸರ್ಜನ್ ಡಾಕ್ಟರಮ್ಮ ಬಂದರು. ಬಡಗಿ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದರು. ಡಾಕ್ಟರಮ್ಮ ಬೈಯಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಕೊನೆಯ ಮಾತ್ರೆ ಯಾವಾಗ ನುಂಗಿದ್ದು ಎಂದು ಕೇಳಿದರು.

"ಮೊನ್ನೆ. ನಿನ್ನೆ ಅಣ್ಣನ ಸರದಿ."

"ಸರದಿ ಅಂದ್ರೆ?"

"ಒಂದಿನ ಅವನು, ಒಂದಿನ ನಾನು. ಮನೇಲಿ ಏನಿದ್ರೂ ಹಂಚ್ಕೊಂಡು ತಿನ್ನಬೇಕು ಅಂತ ಅಮ್ಮ ಹೇಳಿಕೊಟ್ಟಿದ್ದು."

ಡಾಕ್ಟರಮ್ಮ ಎದ್ದು ನಿಂತರು. "ನಿಮ್ಮಣ್ಣ ಈಗ ಎಲ್ಲಿದ್ದಾರೆ?"

ಅಣ್ಣ ಕೆಳಗಿನ ಬೆಂಚಿನ ಮೇಲೆ, ತಮ್ಮನ ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ದಿನಾ ನುಂಗಬೇಕಾದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದ ಹೃದ್ರೋಗಿ. ತಮ್ಮನ ಆಪರೇಷನ್ ನಿಂತಿತು. ಅಣ್ಣನನ್ನು ಅದೇ ಬೆಳಿಗ್ಗೆ ಹೃದಯ ವಿಭಾಗಕ್ಕೆ ಕರೆದೊಯ್ದು ಪರೀಕ್ಷಿಸಿದರು. ಅದೃಷ್ಟಕ್ಕೆ ಸ್ಟೆಂಟ್ ಮುಚ್ಚಿಕೊಂಡಿರಲಿಲ್ಲ.

ಈ ಸರ್ಜನ್‌ರನ್ನು ನಾನು ಅವರ ಕೋಣೆಯಲ್ಲಿ ಕಂಡೆ. "ಆ ಮಾತ್ರೆ ಮೈಯಲ್ಲಿರುವಾಗ ಕೊಯ್ದಿದ್ದರೆ ರಕ್ತ ನಿಲ್ಲಿಸೋದೇ ನಮಗೆ ದೊಡ್ಡ ಕಷ್ಟ ಆಗ್ತಿತ್ತು. ನಾವು ಮಾಡಿಸುವ ಮಾಮೂಲಿ ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗಲ್ಲ, ಬಾಯಿಬಿಟ್ಟು ಹೇಳಿದರೇ ಗೊತ್ತು," ಎಂದರು. "ಅವರು ನನಗೆ ಸುಳ್ಳು ಹೇಳಿರಲಿಲ್ಲ. 'ನಿಮ್ಮ ಮಾತ್ರೆ ಯಾವುದು' ಅಂತ ಕೇಳಿದೆ, 'ಇಲ್ಲ' ಅಂದರು. ಈಗ ಬೇರೆಯವರ ಮಾತ್ರೆ, ಪುಡಿ, ಕಷಾಯ ಎಲ್ಲದರ ಬಗ್ಗೆಯೂ ಕೇಳ್ತೀನಿ. ಹಾಗಂತ ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಅಣ್ಣನಿಗೆ ಆ ಮಾತ್ರೆ ಬಿಟ್ಟರೆ ಅಪಾಯ, ತಮ್ಮನಿಗೆ ತಿಂದರೆ ಅಪಾಯ. ಯಾರಿಗೆ ಯಾವುದು, ಎಷ್ಟು ದಿನ ಅನ್ನೋದನ್ನ ಬರೆದುಕೊಟ್ಟವರನ್ನೇ ಕೇಳಬೇಕು."

ಆ ಬೆಳಿಗ್ಗೆ ಯಾರೂ ಬ್ಲೇಡಣ್ಣನ ಬೆನ್ನು ತಟ್ಟಲಿಲ್ಲ. ಬಡಗಿಯ ಮಗಳು ಹಾದಿಯಲ್ಲಿ ಅಡ್ಡ ನಿಂತಳು. "ಗಡ್ಡ ಮಾಡೋಕೆ ಬಂದೋರು ಗಡ್ಡ ಮಾಡಿ ಹೋಗ್ಬೇಕಿತ್ತು," ಎಂದಳು. ಇವರು ಬೋಗುಣಿ ಎತ್ತಿಕೊಂಡು ಹೋದರು. ಮನೆಗೆ ಹೋಗಿ ಊಟದ ತಟ್ಟೆ ದೂರ ಸರಿಸಿದರು. ಹೆಂಡತಿ ಎಲ್ಲ ಕೇಳಿ, ತಟ್ಟೆ ಅವರತ್ತ ಸರಿಸಿದರಂತೆ. "ಅವಳು ಬೈದದ್ದು ನಿಮ್ಮನ್ನಲ್ಲ, ಅವಳ ಭಯವನ್ನ. ನಾಳೆ ಅವಳಿಗೇ ತಿಳಿಯತ್ತೆ. ಅನ್ನ ಆರತ್ತೆ, ತಿನ್ನಿ."

ತಿಳಿಯಲು ನಾಳೆಯಷ್ಟೇ ಸಾಕಾಗಲಿಲ್ಲ. ಒಂದು ವಾರ ಕಳೆದು ಬಡಗಿ ಮತ್ತೆ ದಾಖಲಾದಾಗ, ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಅದೇ ಮಗಳು ಕಾಯುತ್ತಿದ್ದಳು. ಅವಳ ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್. "ಅಪ್ಪ ಬೇರೆ ಯಾರ ಕೈಲೂ ಮಾಡಿಸ್ಕೊಳಲ್ವಂತೆ ಅಣ್ಣ. ಬನ್ನಿ," ಎಂದಳು. ಅಷ್ಟೇ ಮಾತು. ಇವರಿಗೆ ಅಷ್ಟೇ ಸಾಕಾಯಿತು. ಒಳಗೆ ಬಡಗಿಯ ಅಣ್ಣ, ತಾನೇ ಬೋಗುಣಿ ಹಿಡಿಯುತ್ತೇನೆ ಎಂದು ಹಟ ಹಿಡಿದರು. ಹಿಡಿದರು ಕೂಡ. ನೀರು ತುಳುಕಿ ತಮ್ಮನ ಕಿವಿಗೆ ಹೋಯಿತು.

"ಮಾತ್ರೆ ಕೊಟ್ಟು ಸಾಯಿಸೋಕೆ ಹೊರಟಿದ್ದೆ, ಆಗ್ಲಿಲ್ಲ. ಈಗ ಮುಳುಗಿಸ್ತೀಯಾ?" ಎಂದರು ತಮ್ಮ.

"ಸುಮ್ನೆ ಮಲಕ್ಕೊಳೋ," ಎಂದರು ಅಣ್ಣ. ಆದರೆ ಕಣ್ಣು ಒರೆಸಿಕೊಳ್ಳಲು ಅವರ ಕೈ ಖಾಲಿ ಇರಲಿಲ್ಲ. ಮಗಳು ಸೆರಗಿನಿಂದ ದೊಡ್ಡಪ್ಪನ ಕಣ್ಣು ಒರೆಸಿದಳು.

ಆಪರೇಷನ್ ಸುಸೂತ್ರವಾಯಿತು. ಬಡಗಿ ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಅಣ್ಣ ತನ್ನ ಮಾತ್ರೆಯನ್ನು ದಿನವೂ ತಮ್ಮನ ಎದುರೇ ನುಂಗುತ್ತಾರೆ. ಬಾಯಿ ತೆರೆಸಿ ನೋಡುವುದು ಈಗ ತಮ್ಮನ ಸರದಿ ಎಂದು ಮಗಳು ನನಗೆ ಫೋನಿನಲ್ಲಿ ಹೇಳಿದಳು.

ವಾರ್ಡಿನಲ್ಲಿ ಈಗ ಬೆಳಕು ಹರಿದಿದೆ. ಬಸ್ ಡ್ರೈವರ್‌ನನ್ನು ಸ್ಟ್ರೆಚರ್ ಮೇಲೆ ಕರೆದೊಯ್ಯುತ್ತಿದ್ದಾರೆ. ಬ್ಲೇಡಣ್ಣ ಹೇಳಿದ್ದು ನಿಜ. ಹೋಗುತ್ತ ಅವನು ಒಮ್ಮೆ ಕೆನ್ನೆ ಸವರಿಕೊಳ್ಳುತ್ತಾನೆ. ಇವರು ಬ್ಲೇಡನ್ನು ತಗಡಿನ ಡಬ್ಬಿಗೆ ಹಾಕಿ, ಗ್ಲೌಸು ಕಳಚಿ, ಕೈ ತೊಳೆಯುತ್ತಾರೆ. ನಿಮಗೆ ಏನಾದರೂ ಬೇಕು ಅನ್ನಿಸುತ್ತದೆಯೇ ಎಂದು ಕೇಳುತ್ತೇನೆ. ತಲೆ ಒರಗಿಸುವ ಒಳ್ಳೆಯ ಕುರ್ಚಿಯನ್ನೋ, ಇನ್ನೊಬ್ಬ ಸಹಾಯಕನನ್ನೋ ಕೇಳಬಹುದು ಎಂದುಕೊಂಡಿದ್ದೆ.

ಅವರು ಟವೆಲಿನಲ್ಲಿ ಬೆರಳು ಬೆರಳಿನ ನಡುವೆ ಒರೆಸಿಕೊಳ್ಳುತ್ತ ಯೋಚಿಸುತ್ತಾರೆ.

"ಡಿಸ್ಚಾರ್ಜ್ ದಿನ ಯಾರಿಗೂ ಪುರುಸೊತ್ತಿರಲ್ಲ ಮೇಡಂ. ಆಟೋ ಬಂದಿರತ್ತೆ, ಮನೆಯೋರು ಗಡಿಬಿಡಿ ಮಾಡ್ತಿರ್ತಾರೆ. ಕುರುಚಲು ಗಡ್ಡದಲ್ಲೇ ಓಡಿಬಿಡ್ತಾರೆ. ಓಡ್ಲಿ, ಪಾಪ. ಆದ್ರೆ ಇಷ್ಟು ವರ್ಷ ನಾನು ಒಳಗೆ ಹೋಗೋರ ಮುಖಾನೇ ನೋಡಿದ್ದು. ಒಬ್ರಾದ್ರೂ ಅರ್ಧ ಗಳಿಗೆ ಕೂರ್ಬೇಕು. ಮನೆಗೆ ಹೋಗೋ ಮುಖಕ್ಕೂ ಒಂದ್ಸಲ ನೊರೆ ಹಚ್ಬೇಕು ಅಂತ ಆಸೆ."