ಅವತ್ತು ಗಾಡಿ ಬಿಚ್ಚಿರಲಿಲ್ಲ

ಶರಣಮ್ಮ, ಅವತ್ತು ನಾನು ನಿನಗೆ ಸುಳ್ಳು ಹೇಳಿದೆ. ನನ್ನ ಬೈಕಿನ ಕ್ಲಚ್ ಬಿಚ್ಚಿರಲಿಲ್ಲ. ಗಾಡಿ ಅಂಗಳದ ಬೇವಿನ ಮರದ ಕೆಳಗೆ ಪೆಟ್ರೋಲ್ ತುಂಬಿಸಿಕೊಂಡು ನಿಂತಿತ್ತು. ಚಾವಿ ನನ್ನ ಸೆರಗಿನ ಗಂಟಿನಲ್ಲಿತ್ತು. ನಿನ್ನ ಜೊತೆ ಮಾತಾಡಿದಷ್ಟು ಹೊತ್ತೂ ಆ ಗಂಟನ್ನೇ ಬೆರಳಲ್ಲಿ ತಿರುವುತ್ತಿದ್ದೆ. ನೀನು ದೇವದುರ್ಗದ ಬಸ್ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತಿದ್ದೆ. ನಾನು ಬರಬಹುದಿತ್ತು — ಬರಲಿಲ್ಲ.

ಈ ಸುಳ್ಳನ್ನು ನಾನು ಎಲ್ಲಿ ಕಲಿತೆ ಎಂಬುದನ್ನೂ ಹೇಳಿಬಿಡಬೇಕು. ನನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕಲ್ಲ. ಹಾಗೆ ಕಾಣುತ್ತದೆ, ಗೊತ್ತು... ಆದರೂ ಹೇಳುತ್ತೇನೆ.

ನಿನ್ನ ಮದುವೆಯಾದ ವರ್ಷದ ಕಾರಹುಣ್ಣಿಮೆ. ಮದುವೆಗೆ ಇನ್ನೂ ಕೆಲವು ತಿಂಗಳಿತ್ತು. ನನ್ನ ಗಂಡನ ಊರು ಬಾಗಲವಾಡದಲ್ಲಿ ಊರಿಗೆ ಊರೇ ಎತ್ತು ಓಡಿಸುವುದನ್ನು ನೋಡಲು ಹೋಗಿತ್ತು. ಹಿಂದಿನ ದಿನ ನನ್ನ ಗಂಡ ಮೊದಲ ಸಲ ನನ್ನ ಮೇಲೆ ಕೈ ಮಾಡಿದ್ದ. ಕಾರಣ ಮರೆತುಹೋಗಿದೆ ಎಂದು ಕೇಳಿದವರಿಗೆ ಹೇಳುತ್ತೇನೆ, ಮರೆತಿಲ್ಲ. ಒಂದು ಕುರಿಮರಿ ಹಗ್ಗ ಬಿಚ್ಚಿಕೊಂಡು ಹೋಗಿತ್ತು, ಅಷ್ಟೇ. ಇದ್ದ ಸೀರೆಗಳನ್ನು ಚೀಲಕ್ಕೆ ತುರುಕಿಕೊಂಡು ಊರ ಹೊರಗಿನ ಕಟ್ಟೆಗೆ ಬಂದು ಕೂತೆ. ಹಬ್ಬದ ದಿನ, ಬಸ್ಸಿನ ಸುಳಿವಿಲ್ಲ. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ನನಗೆ ತವರು ಎಂದು ಉಳಿದಿದ್ದವನು ಆಗ ರಾಯಚೂರಿನ ಗಿರಣಿಯಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಹನುಮಂತ ಒಬ್ಬನೇ, ಈಗ ನಿನ್ನ ಗಂಡ. ಅವನಿಗೆ ಫೋನ್ ಮಾಡಿದೆ.

"ಅಕ್ಕಾ, ಗಾಡಿ ಬಿಚ್ಚೀನಿ. ಕ್ಲಚ್ ಸವದಿತ್ತು. ಹೊಸಾ ಪ್ಲೇಟ್ ಎಣ್ಣ್ಯಾಗ ನೆನಿ ಇಟ್ಟೀನಿ. ಇವತ್ತೊಂದಿನ ತಡಕೋ, ನಾಳೆ ಬರ್ತೀನಿ."

ನಂಬಿದೆ. ನಂಬದೆ ಏನು ಮಾಡಲಿ? ಅವನು ಮೊದಲಿನಿಂದಲೂ ಗಾಡಿಯ ಕೆಲಸವನ್ನು ಮನೆಯ ಅಂಗಳದಲ್ಲೇ ಮಾಡಿಕೊಳ್ಳುವವನು. ಅವನಿಗೆ ಪಾನಾ ಎತ್ತಿಕೊಟ್ಟು ಬೆಳೆದವಳು ನಾನು. ಎತ್ತು ಓಡಿಸಿ ಮರಳುತ್ತಿದ್ದ ಜನರ ಎದುರೇ ಚೀಲ ಹಿಡಿದುಕೊಂಡು ವಾಪಸ್ ನಡೆದೆ. ಬಾಗಿಲಲ್ಲಿ ಅತ್ತೆ ಚೀಲ ನೋಡಿದಳು, ನನ್ನನ್ನು ನೋಡಿದಳು. ಕರೆದುಕೊಂಡು ಹೋಗಲು ಯಾರೂ ಬಾರದವಳು ಎಂಬುದು ಅವತ್ತು ಆ ಮನೆಗೆ ಗೊತ್ತಾಯಿತು.

ಮರುದಿನ ಅವನು ಬರಲಿಲ್ಲ. ನಾನೂ ಮತ್ತೆ ಕರೆಯಲಿಲ್ಲ. ಆದರೆ ಒಳಗೊಳಗೇ ಒಂದು ಸಮಾಧಾನವಿತ್ತು: ಪಾಪ, ಗಾಡಿ ಬಿಚ್ಚಿಟ್ಟುಕೊಂಡಿದ್ದ, ಇಲ್ಲದಿದ್ದರೆ ನನ್ನ ತಮ್ಮ ಹಾರಿ ಬರುತ್ತಿದ್ದ. ಆ ಒಂದು ಮಾತಿನ ಮೇಲೆ ನಾನು ಸಂಸಾರ ಮಾಡಿದೆ, ಶರಣಮ್ಮ. ಗಂಡ ಬರಬರುತ್ತ ಮೆತ್ತಗಾದ, ಆ ಕತೆ ಬೇರೆ. ನಾನು ಹಟ ಹಿಡಿದು ಗಾಡಿ ಓಡಿಸಲು ಕಲಿತೆ. ಇನ್ನೊಮ್ಮೆ ಕಟ್ಟೆಯ ಮೇಲೆ ಕೂತು ಯಾರ ದಾರಿಯನ್ನೂ ಕಾಯಬಾರದು ಎಂಬುದೊಂದೇ ಅದಕ್ಕೆ ಕಾರಣ.

ನಮ್ಮ ಮನೆಯ ಗಾಡಿಯ ಹಣೆಬರಹ ನಿನಗೆ ಗೊತ್ತಲ್ಲ. ಅರ್ಧ ದಿನ ನಾನು ಹೊಲಿದ ರವಿಕೆಗಳನ್ನು ಹೊತ್ತು ಮಾನ್ವಿಗೆ ಹೋಗುತ್ತದೆ. ಇನ್ನರ್ಧ ದಿನ ನನ್ನ ಗಂಡ ಅದರ ಮೇಲೆ ಕೂತು ಕುರಿಗಳ ಹಿಂದೆ ನಡೆಯುತ್ತಾನೆ. ಓಡುವುದಲ್ಲ, ನಡೆಯುವುದು. ಮೊದಲ ಗೇರಿನಲ್ಲಿ, ಕ್ಲಚ್ಚನ್ನು ಅರ್ಧ ಹಿಡಿದು, ಕುರಿಯ ಹೆಜ್ಜೆಗೆ ಹೆಜ್ಜೆ. ಹಾಗೆ ನಡೆಸಿದರೆ ಯಾವ ಕ್ಲಚ್ ತಾನೇ ಬಾಳುತ್ತದೆ! ನೀನು ನಾಲ್ಕು ದಿನ ಇದ್ದು ಹೋಗಲು ಬಂದಿದ್ದಾಗ ಗಾಡಿ ಕಾಲುವೆಯ ಏರಿ ಹತ್ತುವುದನ್ನೇ ಬಿಟ್ಟಿತ್ತು. ಬರೀ ಕೂಗು, ಎಳೆತವಿಲ್ಲ. ಮನೆಯಲ್ಲೇ ಹೊಸ ಪ್ಲೇಟ್ ಹಾಕೋಣ ಎಂದು ಕೂತೆವು.

ನೀನು ಎಷ್ಟು ಖುಷಿಯಿಂದ ಕೂತಿದ್ದೆ... ಹಳೆಯ ಎಣ್ಣೆಯನ್ನು ಬಾನಿಗೆ ಇಳಿಸಿ, ಬದಿಯ ಮುಚ್ಚಳ ತೆಗೆದಾಗ ಸುಟ್ಟ ವಾಸನೆ ಮೂಗಿಗೆ ಬಡಿದು ಸೆರಗು ಮುಚ್ಚಿಕೊಂಡೆ. ಹೊಸ ಪ್ಲೇಟುಗಳು ಹಳೆಯ ಪರಾತದಲ್ಲಿ ಎಣ್ಣೆ ಕುಡಿಯುತ್ತಿದ್ದವು.

"ಯಾಕ್ರಿ ಅಕ್ಕಾ, ಇವನ್ನ ನೆನಿ ಇಡ್ತೀರಿ?"

"ಒಣಾ ಹಾಕಿದ್ರ ಸುಡ್ತಾವ."

ನೀನು ನಗತೊಡಗಿದೆ. "ನಿಮ್ಮ ತಮ್ಮ ನನ್ನ ನೋಡಾಕ ಬಂದಾಗೂ ಹಿಂಗ, ಉಗುರಿನ್ಯಾಗೆಲ್ಲ ಕರೀ ಎಣ್ಣಿ! 'ಮುಂಜಾನಿ ಹೊಸಾ ಕ್ಲಚ್ ಹಾಕೇನಿ, ರಾಯಚೂರಿಂದ ಕಲ್ಮಲಕ್ಕ ಕುದುರಿಗತೆ ಬಂತು' ಅಂತ ನಮ್ಮಣ್ಣನ ಮುಂದ ಒಂದೇ ಸವನ ಹೇಳಾಕತ್ತಿದ್ರು. ಕಾರಹುಣ್ಣಿಮಿ ದಿನಾರೀ. ಊರಾಗ ಎತ್ತು ಓಡಾಕತ್ತಿದ್ವು. ನಾ ಚಾ ತಗೊಂಡು ಬಂದೆ, ಅಷ್ಟ್ರಾಗ ಫೋನ್ ಬಂತು. ಹೊರಗ ಹೋಗಿ ಗಾಡಿ ಮ್ಯಾಲೆ ಕುಂತು ಮಾತಾಡಿದ್ರು. ಬಂದಾಗ ಮಾರಿ ಸಪ್ಪಗಾಗಿತ್ತು. ಯಾರಂತ ಕೇಳಿದ್ರ ಗಿರಣಿ ಸಾಹುಕಾರ ಅಂದ್ರು."

ಗಿರಣಿ ಸಾಹುಕಾರನಲ್ಲ. ಅದು ನಾನು.

ಆ ಗಾಡಿಯ ಮೇಲೆಯೇ ಕೂತು, ಆ ಗಾಡಿ ಬಿಚ್ಚಿಟ್ಟಿದ್ದೇನೆ ಎಂದು ಹೇಳಿದ್ದ. ಅದೂ ನಿನ್ನ ತವರು ಕಲ್ಮಲದಲ್ಲಿ! ರಾಯಚೂರಿನಿಂದ ನನ್ನ ಕಡೆ ಬರುವ ದಾರಿಯಲ್ಲೇ ಇರುವ ಊರು ಅದು. ಗಂಡನ ಮನೆ ಬಿಟ್ಟು ಬಂದ ಅಕ್ಕ ಮನೆಯಲ್ಲಿದ್ದರೆ ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ ಎಂದು ಹೆದರಿದ. ಅವನ ಲೆಕ್ಕ ನನಗೆ ಅರ್ಥವಾಗುತ್ತದೆ. ಅರ್ಥವಾದರೆ ಉರಿ ಕಡಿಮೆಯಾಗುತ್ತದೆಯೇ? ನೇರವಾಗಿ "ಬರಂಗಿಲ್ಲ" ಎಂದಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆ. ಅವನು ನನ್ನಿಂದ ವರ್ಷಗಟ್ಟಲೆ "ಪಾಪ" ಎನ್ನಿಸಿಕೊಂಡ. ನನ್ನ ಕನಿಕರವನ್ನೂ ಬಿಡಲಿಲ್ಲ.

ನಿನಗೆ ಏನೂ ಹೇಳಲಿಲ್ಲ. ನೀನು ಒಂದೊಂದಾಗಿ ಪ್ಲೇಟ್ ಎತ್ತಿ ಕೊಟ್ಟೆ, ಒಂದು ಕರಿಯದು, ಒಂದು ಉಕ್ಕಿನದು. ನಾನು ಜೋಡಿಸಿದೆ, ಸ್ಪ್ರಿಂಗ್ ಬಿಗಿದೆ, ಹಿಡಿಕೆಯಲ್ಲಿ ತುಸು ಸಡಿಲ ಬಿಟ್ಟು ತಂತಿ ಕಟ್ಟಿದೆ. ಆಮೇಲೆ ನಿನ್ನನ್ನು ಹಿಂದೆ ಕೂರಿಸಿಕೊಂಡು ಕಾಲುವೆಯ ಏರಿ ಹತ್ತಿಸಿದೆ. ನೀನು ಹುಡುಗಿಯ ಹಾಗೆ ಕೇಕೆ ಹಾಕಿದೆ.

ಅದಾಗಿ ಒಂದು ಮಳೆಗಾಲವೂ ಕಳೆದಿರಲಿಲ್ಲ, ನಿನ್ನ ಫೋನ್ ಬಂತು.

"ಅಕ್ಕಾ, ಬಂದು ಕರಕೊಂಡು ಹೋಗ್ರಿ. ನಿಮ್ಮ ತಮ್ಮ ಕೈ ಮಾಡ್ಯಾರ. ಕಲ್ಮಲಕ್ಕ ಹೇಳಿದ್ರ ನಮ್ಮಣ್ಣಗೋಳು ಬಡದಾಟಕ್ಕ ಬರ್ತಾರ. ನಿಮ್ಮ ಮನ್ಯಾಗ ನಾಕ ದಿನ ಇರ್ತೀನಿ, ಅಷ್ಟ."

ಆಗ ನನಗೆ ಬಂದ ಯೋಚನೆಯನ್ನು ಹೇಳಲು ನಾಲಿಗೆ ಏಳುವುದಿಲ್ಲ. ಹೇಳುತ್ತೇನೆ. ನಾನು ಕಟ್ಟೆಯ ಮೇಲೆ ಕಾಯುತ್ತಿದ್ದಾಗ ಇವಳು ಅವನಿಗೆ ಚಹಾ ಕೊಡುತ್ತಿದ್ದಳು — ಇದೇ ನನ್ನ ತಲೆಗೆ ಬಂದದ್ದು. ನಿನ್ನ ಧ್ವನಿಯಲ್ಲಿದ್ದ ನಡುಕ ನನ್ನದೇ ಹಳೆಯ ನಡುಕ ಎಂದು ಗೊತ್ತಿತ್ತು. ಗೊತ್ತಿದ್ದೇ, ಇಷ್ಟು ವರ್ಷ ಬಾಯಲ್ಲೇ ಇಟ್ಟುಕೊಂಡವಳ ಹಾಗೆ, ಅವನ ಮಾತನ್ನು ಅವನ ಮಾತಿನಲ್ಲೇ ನಿನಗೆ ಕೊಟ್ಟೆ.

"ಗಾಡಿ ಬಿಚ್ಚೀನವ್ವಾ. ಕ್ಲಚ್ ಸವದಿತ್ತು. ಇವತ್ತೊಂದಿನ ತಡಕೋ."

ನಿನ್ನ ಹಿಂದೆ ಕಂಡಕ್ಟರ್ ಒಬ್ಬ ಗಬ್ಬೂರು, ಗಬ್ಬೂರು ಎಂದು ಕೂಗುತ್ತಿದ್ದ. ಆಮೇಲೆ ನೀನು ಮೆಲ್ಲಗೆ, ಜಗಳದ ಧ್ವನಿಯಲ್ಲಲ್ಲ, ನನಗೇ ನೆನಪು ಮಾಡಿಕೊಡುವವಳ ಹಾಗೆ ಅಂದೆ:

"ನಾವಿಬ್ರೂ ಕೂಡೇ ಹೊಸಾದು ಹಾಕಿದ್ವಲ್ರೀ ಅಕ್ಕಾ..."

ನಾನು ಚಾವಿಯ ಗಂಟನ್ನು ಇನ್ನೊಂದು ಸುತ್ತು ತಿರುವಿದೆ.

"ಆತು ಬಿಡ್ರಿ," ಎಂದು ನೀನೇ ಫೋನ್ ಇಟ್ಟೆ.

ನನಗೆ ನನ್ನ ತಮ್ಮ ಹೇಳಿದ್ದು ನಂಬುವಂಥ ಸುಳ್ಳು. ಅದನ್ನು ಹಿಡಿದುಕೊಂಡು ನಾನು ಬದುಕಿದೆ. ನಿನಗೆ ನಾನು ಅಷ್ಟನ್ನೂ ಕೊಡಲಿಲ್ಲ. ನಿನ್ನ ಕೈಯಾರೆ ಎತ್ತಿಕೊಟ್ಟ ಪ್ಲೇಟುಗಳ ಮೇಲೆ ಸುಳ್ಳು ಹೇಳಿದೆ. ನಿಲ್ದಾಣದಲ್ಲಿ ನಿಂತ ಜಾಗದಲ್ಲೇ ನಿನಗೆ ಗೊತ್ತಾಯಿತು — ಅಕ್ಕ ಬರಲಾರಳು ಎಂದಲ್ಲ, ಅಕ್ಕನಿಗೆ ಬರುವ ಮನಸ್ಸಿಲ್ಲ ಎಂದು. ಆ ಚೀಲ ಹಿಡಿದು ನೀನು ಯಾವ ದಾರಿಯಲ್ಲಿ ಮನೆಗೆ ಹೋದೆ, ಬಾಗಿಲು ತೆಗೆದವನು ಏನು ಅಂದ, ನಾನು ಕೇಳಿಲ್ಲ. ಕೇಳಲು ಯಾವ ಮುಖವಿತ್ತು?

ಆಮೇಲೆ ಒಮ್ಮೆ ದೇವದುರ್ಗಕ್ಕೆ ನಿಮ್ಮ ಮನೆಗೆ ಬಂದೆನಲ್ಲ, ಅವತ್ತೇ ಎಲ್ಲ ಹೇಳಬೇಕೆಂದು ಬಂದವಳು. "ಗಾಡಿ ಮ್ಯಾಲೆ ಬಂದ್ರೇನ್ರಿ?" ಎಂದು ನೀನು ಕೇಳಿದೆ. ಬಸ್ಸಿಗೆ ಎಂದೆ ನಾನು. ಅದೂ ಸುಳ್ಳು. ಗಾಡಿಯನ್ನು ನಿಲ್ದಾಣದ ಪಕ್ಕ ಬಿಟ್ಟು ನಡೆದು ಬಂದಿದ್ದೆ. ಅದು ನಿನ್ನ ಕಣ್ಣಿಗೆ ಬೀಳಬಾರದು ಎಂದು. ನಿನ್ನ ನೋಟ ನನ್ನ ಹಣೆಯ ಮೇಲಿನ ಹೆಲ್ಮೆಟ್ಟಿನ ಗೆರೆಯ ಮೇಲೆ ನಿಂತಿತು. ಆಮೇಲೆ ನೀನು ರೊಟ್ಟಿ ಬಡಿಸಿದೆ. ಊಟಕ್ಕೆ ಕೂತ ಹನುಮಂತ ನನ್ನ ಕಡೆ ಕೈ ತೋರಿಸಿ ನಿನಗೆ ಹೇಳಿದ: "ನಮ್ಮಕ್ಕನ್ನ ನೋಡಿ ಕಲಿ. ಒಂದಿನಾರ ಗಂಡನ ಮನಿ ಬಿಟ್ಟು ಹೊಂಟಾಳೇನು?"

ಹೊರಟಿದ್ದೆ. ಅವನಿಗೂ ಗೊತ್ತು, ನನಗೂ ಗೊತ್ತು. ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ. ಅವನು ನನ್ನನ್ನು ಬಿಟ್ಟುಬಿಟ್ಟ ದಿನವನ್ನೇ ನಿನಗೆ ಹೊಡೆಯುವ ಕೋಲು ಮಾಡಿಕೊಂಡಿದ್ದ. ಆ ಕೋಲನ್ನು ಸುಮ್ಮನಿದ್ದೇ ಅವನ ಕೈಗೆ ಕೊಟ್ಟವಳು ನಾನು.

ನಾಳೆ ಬರುತ್ತೇನೆ. ಗಾಡಿಯನ್ನು ನಿಮ್ಮ ಬಾಗಿಲ ಎದುರೇ ನಿಲ್ಲಿಸುತ್ತೇನೆ. ಅವನ ಮುಂದೆಯೇ ಕಾರಹುಣ್ಣಿಮೆಯ ಮಾತನ್ನೂ ಹೇಳುತ್ತೇನೆ, ನಿನಗೆ ನಾನು ಮಾಡಿದ್ದನ್ನೂ ಹೇಳುತ್ತೇನೆ. ನೀನು ನನ್ನನ್ನು ಕ್ಷಮಿಸಬೇಕೆಂದು ಕೇಳುವುದಿಲ್ಲ. ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ. ಹಿಂದಿನ ಸೀಟಿನಲ್ಲಿ ರವಿಕೆಯ ಗಂಟು ಇರುವುದಿಲ್ಲ, ಖಾಲಿ ಇಟ್ಟುಕೊಂಡು ಬರುತ್ತೇನೆ. ನೀನು ಹತ್ತದಿದ್ದರೆ ಒಬ್ಬಳೇ ವಾಪಸ್ ಹೋಗುತ್ತೇನೆ. ಮುಂದೆ ಯಾವತ್ತಾದರೂ ನೀನು ಕರೆದರೆ... ಕರೆಯಲಿಕ್ಕಿಲ್ಲ, ಗೊತ್ತಿದೆ.