ಎಡಗೈಯಲ್ಲಿ ಬಡಿಸಿದ ಭಜ್ಜಿ

ಆಯಿಯ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು. ರೊಟ್ಟಿ ಬಡಿಯಲು ಹೋದರೆ ಅಂಗೈ ಮೇಲೇಳುತ್ತಲೇ ಇರಲಿಲ್ಲ. ಆ ಕೈ ನೆನಪಾದಾಗಲೆಲ್ಲ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಚಿತ್ತಾಪುರದ ಹತ್ತಿರ ನಮ್ಮ ಹೊಲಕ್ಕೂ ಅವಳ ಹೊಲಕ್ಕೂ ಒಂದೇ ಬದು. ಊರಿಗೆಲ್ಲ ಅವಳು ಆಯಿ. ಹಳ್ಳದ ದಂಡೆಯಲ್ಲಿ ಮೆಂತ್ಯ, ಪಾಲಕ, ಪುಂಡಿ, ಹೀಗೆ ಸೊಪ್ಪಿನ ಪಲ್ಲೆ ಬೆಳೆದು ಸಂತೆಗೆ ಒಯ್ಯುತ್ತಿದ್ದಳು. ಬಾಯಿ ಬಲು ಜೋರು. ಗಿರಾಕಿ ಚೌಕಾಸಿಗೆ ಇಳಿದರೆ "ಹೋಗ್ರಿ, ಹುಲ್ಲು ತಿನ್ರಿ" ಎಂದು ಬೈಯುತ್ತಲೇ ಒಂದು ಸಿವುಡು ಹೆಚ್ಚಿಗೆ ಹಾಕುತ್ತಿದ್ದಳು.

ಹಳ್ಳದ ಆಚೆ ಒಬ್ಬ ಲೋಹ ಕರಗಿಸುವ ಭಟ್ಟಿ ಹಾಕಿದ. ಅಕ್ಕಸಾಲಿಗರ ಅಂಗಡಿಗಳ ಕಸ, ಧೂಳು ತಂದು, ಅದರಲ್ಲಿ ಉಳಿದ ಬಂಗಾರ ತೆಗೆಯಲು ಹಳೆಯ ಬ್ಯಾಟರಿಗಳ ಸೀಸದ ಜೊತೆ ಕಾಯಿಸುತ್ತಿದ್ದ. ಬಂಗಾರ ಅವನ ಮನೆಗೆ, ಹೊಗೆ ನಮ್ಮ ಹೊಲಕ್ಕೆ. ಅಷ್ಟು ಸಾಲದೆಂದು ಬೂದಿಯನ್ನೂ ಕೊಟ್ಟ. "ಪಲ್ಲೆ ಮ್ಯಾಲೆ ಉಗ್ಗು ಆಯಿ, ಹುಳ ಹತ್ತಂಗಿಲ್ಲ" ಎಂದ. ಒಲೆಯ ಬೂದಿ ಉಗ್ಗುವುದು ನಮ್ಮ ಕಡೆಯ ರೂಢಿ. ಇದೂ ಅಂಥದ್ದೇ ಎಂದುಕೊಂಡು ಆಯಿ ಬುಟ್ಟಿಗಟ್ಟಲೆ ತಂದು ಕೈಯಾರೆ ಉಗ್ಗಿದಳು.

ಮೊದಲು ಆ ಪಲ್ಲೆ ಮೇದ ಅವಳ ಕರು ಸತ್ತಿತು. ಆಮೇಲೆ ಅವಳ ಕೈ ಬಿತ್ತು. ಅವಳ ಹಿಂದೆಯೇ ಪಲ್ಲೆಯ ಮಡಿಗಳಲ್ಲಿ ಆಡುತ್ತಿದ್ದ ಮೊಮ್ಮಗಳು ಕಲಿತ ಮಾತು ಮರೆಯತೊಡಗಿದಳು. ಕಲಬುರಗಿಯ ಡಾಕ್ಟರು ರಕ್ತ ನೋಡಿ, ಮೈಯಲ್ಲಿ ಸೀಸ ಸೇರಿದೆ ಎಂದರು. ಊರ ಹಿರಿಯರು ಕರೆಸಿ ಕೇಳಿದರೆ ಭಟ್ಟಿಯವನು ನಕ್ಕ. "ಬೂದ್ಯಾಗ ಏನೂ ಇಲ್ರಿ. ಆಕಿ ಹೊಲದ ಪಲ್ಲೆ ಖುದ್ದ ನಾನು ಉಣ್ತೀನಿ, ತರ್ರಿ."

ಆಯಿ ಆ ಮಾತನ್ನು ಗಂಟುಹಾಕಿಕೊಂಡಳು. ಎಳ್ಳ ಅಮಾವಾಸ್ಯೆಗೆ ಕಾದಳು. ಅವತ್ತು ಹೊಲಕ್ಕೆ ಊಟಕ್ಕೆ ಕರೆದರೆ ನಮ್ಮಲ್ಲಿ ಯಾರೂ ಒಲ್ಲೆ ಎನ್ನುವುದಿಲ್ಲ. ಅವನೂ ಮಗಳನ್ನು ಕರೆದುಕೊಂಡು ಬಂದ. ಭೂಮಿತಾಯಿಗೆಂದು ಹೊಲದ ತುಂಬ ಅನ್ನದ ಚರಗ ಚೆಲ್ಲಿ ಎಲ್ಲರೂ ಸಾಲಾಗಿ ಕುಳಿತೆವು. ಸಂತೆಯಲ್ಲಿ ಕೊಂಡ ಪಲ್ಲೆಗೆ ಕಾಳು ಬೆರೆಸಿ ಕುದಿಸಿದ ಭಜ್ಜಿಯನ್ನು ಎಲ್ಲರಿಗೂ ನಾನೇ ಬಡಿಸಿದೆ. ಅವನಿಗೆ ಮಾತ್ರ ಬೇರೆ ಗಡಿಗೆ. ಅದನ್ನು ಆಯಿ ಎಡಗೈಯಲ್ಲಿ ಬಡಿಸಿದಳು.

"ಇದು ನಮ್ಮ ಹೊಲದ್ದು. ನೀ ಕೊಟ್ಟ ಬೂದಿ ಉಂಡದ್ದು. ಉಣ್ಣಪ್ಪ."

ಅವನು ತುತ್ತು ಎತ್ತಲಿಲ್ಲ. ಮಗಳು ಅಪ್ಪನ ತಾಟಿಗೆ ಕೈ ಹಾಕಿದಳು. ಅವನು ರಪ್ಪನೆ ಆ ಕೈಗೆ ಹೊಡೆದ. ಹುಡುಗಿ ಅಳತೊಡಗಿತು, ಉಣ್ಣುತ್ತಿದ್ದವರೆಲ್ಲ ತಲೆ ಎತ್ತಿ ನೋಡಿದರು.

"ನೋಡಿದ್ರಿಲ್ಲ?" ಎಂದಳು ಆಯಿ. "ಇಂವಗ ಮೊದ್ಲಿಂದ ಗೊತ್ತಿತ್ತು."

ಸಂಜೆಯೊಳಗೆ ಜನ ಭಟ್ಟಿಯನ್ನು ಕಿತ್ತೆಸೆದರು. ನಾನೂ ಇದ್ದೆ. ಅದರ ಮೇಲೆ ಕಲ್ಲು ಎತ್ತಿಹಾಕುವಾಗ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. ಆಯಿಗೆ ಅಷ್ಟು ಸಾಲಲಿಲ್ಲ. ಮರುವರ್ಷ ಸಾಯುವ ಮುಂಚೆ ನನ್ನನ್ನು ಹತ್ತಿರ ಕರೆದು, "ಅಂವಗ ಮರೀಲಿಕ್ಕ ಬಿಡಬ್ಯಾಡ" ಎಂದಳು.

ಅವನು ಈಗ ವಾಡಿ ಪಟ್ಟಣದಲ್ಲಿ ಮನೆ ಕಟ್ಟಿಸಿಕೊಂಡು ಆರಾಮವಾಗಿದ್ದಾನೆ. ಆಯಿಯ ಮೊಮ್ಮಗಳು ತನ್ನ ಹೆಸರು ಹೇಳಲು ಈಗಲೂ ತಡವರಿಸುತ್ತಾಳೆ. ಆ ಹೊಲದಲ್ಲಿ ತಾನಾಗಿ ಹುಟ್ಟುವ ಪಲ್ಲೆಯನ್ನು ಯಾರೂ ಮುಟ್ಟುವುದಿಲ್ಲ. ಎಳ್ಳ ಅಮಾವಾಸ್ಯೆಗೆ ನಾನು ಮಾತ್ರ ಕಿತ್ತು ಭಜ್ಜಿ ಮಾಡುತ್ತೇನೆ. ಮೊಮ್ಮಗಳನ್ನು ಕರೆದುಕೊಂಡು ಅವನ ಮನೆಗೆ ಹೋಗಿ, ಗಡಿಗೆಯನ್ನು ಎಡಗೈಯಲ್ಲಿ ಹಿಡಿದು, ಓಣಿಯವರೆಲ್ಲ ಹೊರಗೆ ಬರುವ ತನಕ ಕೂಗುತ್ತೇನೆ: "ಸಾವಕಾರ್ರ, ಬಾಗಿಲಾ ತೆಗೀರಿ. ಆಯಿ ಕಳಿಸ್ಯಾಳ, ಉಣ್ರಿ."