ಕೊನೆಗೆ ಉಣ್ಣುವ ಸೌಟಜ್ಜಿ

ಶಾಲೆಯ ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಿಟಕಿ. ಸರಳಿಲ್ಲ, ಕದವಿಲ್ಲ, ಕೆಳಗೆ ಅಗಲವಾದ ಕಲ್ಲಿನ ಕಟ್ಟೆ. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಬರುತ್ತಾರೆ. ಒಳಗಿನಿಂದ ಮೊದಲು ಒಂದು ಸೌಟು ಹೊರಗೆ ಬರುತ್ತದೆ, ಅದರ ಹಿಂದೆ ಒಂದು ದಪ್ಪ ಕೈ, ಕೈಯ ಹಿಂದೆ ಹಬೆಯೊಳಗೆ ಎಲ್ಲೋ ಒಂದು ಮುಖ. ಆ ಮುಖ ಆಡುವ ಮಾತು ಒಂದೇ: "ಇನ್ನೊಂಚೂರು ಹಾಕ್ಲಾ?" ಹ್ಞೂಂ ಅಂದರೂ ಹಾಕುತ್ತಾಳೆ, ಬೇಡ ಅಂದರೂ ಹಾಕುತ್ತಾಳೆ. ಮತ್ತೆ ಕೇಳುವುದಾದರೂ ಯಾಕೆ ಎಂದರೆ, "ಕೇಳೋದು ಮರ್ಯಾದೆ ಕಣಪ್ಪ" ಎನ್ನುತ್ತಾಳೆ. ಮಕ್ಕಳು ಅವಳಿಗೆ ಸೌಟಜ್ಜಿ ಎಂದು ಹೆಸರಿಟ್ಟು ಯಾವ ಕಾಲವಾಯಿತೋ. ಈಗ ಹೆಡ್ ಮೇಡಂ ಕೂಡ ಬಾಯಿ ತಪ್ಪಿ ಹಾಗೇ ಕರೆದು ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಈ ಸೌಟಜ್ಜಿಗೆ ಒಂದು ಹಟವಿತ್ತು. ಕೊನೆಯ ಮಗುವಿನ ಊಟ ಮುಗಿಯುವ ತನಕ ಅವಳು ಒಂದು ಅಗುಳನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ರುಚಿ ನೋಡುವ ನೆಪದಲ್ಲೂ ಇಲ್ಲ. ಉಪ್ಪು ಹುಳಿ ಎಲ್ಲವನ್ನೂ ಮೂಗಿನಲ್ಲೇ ಅಳೆಯುವವಳು. ಪಾತ್ರೆಯ ಮೇಲೆ ಬಗ್ಗಿ ಒಂದು ಸಲ ಉಸಿರೆಳೆದುಕೊಂಡರೆ ಮುಗಿಯಿತು. ಎಲ್ಲ ಮಕ್ಕಳೂ ಕೈತೊಳೆದು ಹೋದ ಮೇಲೆ ತಳದಲ್ಲಿ ಉಳಿದದ್ದನ್ನು ಬಟ್ಟಲಿಗೆ ಕೆರೆದುಕೊಂಡು, ಒಲೆಗೆ ಒರಗಿ ನಿಂತುಕೊಂಡೇ ತಿನ್ನುವಳು. ಅಷ್ಟು ಹೊತ್ತಿಗೆ ಅದು ತಣ್ಣಗೆ ಕೊರೆಯುತ್ತಿರುತ್ತಿತ್ತು.

ಇದಕ್ಕೊಂದು ಕಾರಣವಿದೆ. ಅವಳು ಚಿಕ್ಕವಳಿದ್ದಾಗ ಇಂಥದೇ ಶಾಲೆಯ ಇಂಥದೇ ಸಾಲಿನಲ್ಲಿ ಯಾವಾಗಲೂ ಬಾಲದಲ್ಲಿ ನಿಲ್ಲುತ್ತಿದ್ದಳು, ಮುಂದೆ ನುಗ್ಗುವ ಧೈರ್ಯವಿರಲಿಲ್ಲ. ಒಂದು ದಿನ ಅವಳ ಸರದಿ ಬರುವ ಹೊತ್ತಿಗೆ ಪಾತ್ರೆ ಖಾಲಿ. "ಮುಗೀತು, ನಾಳೆ ಬಾ" ಎಂದ ಅಡುಗೆಯವನ ಬಾಯಿ ತುಂಬ ಊಟವಿತ್ತು. ಹಸಿವನ್ನು ಅವಳು ಅಂದೇ ಮರೆತಳು. ಆ ಅಗಿಯುವ ದವಡೆಯನ್ನು ಮಾತ್ರ ಮರೆಯಲಾಗಲಿಲ್ಲ.

ಗಂಡ ಲಾರಿ ಓಡಿಸುತ್ತಿದ್ದವನು, ಹೊತ್ತಲ್ಲದ ಹೊತ್ತಿಗೆ ಬಂದು ಉಂಡು ಹೋಗುತ್ತಿದ್ದ. ಅವನು ತೀರಿಕೊಂಡ ಮೇಲೆ, ಹೆಣ್ಣುಮಕ್ಕಳಿಬ್ಬರೂ ಅವರವರ ಮನೆ ಸೇರಿದ ಮೇಲೆ, ಉಳಿದವಳು ನಾದಿನಿ. ಶಾಲೆಯ ಪಾತ್ರೆ ತೊಳೆಯುವುದು ಅವಳ ಕೆಲಸ. ಸಕ್ಕರೆ ಕಾಯಿಲೆಯಾದ್ದರಿಂದ ಹಿತ್ತಿಲ ಕಡೆ ಕೂತು ಹೊತ್ತಿಗೆ ಮುಂಚೆಯೇ ಊಟ ಮುಗಿಸುವವಳು, ಬಾಯಿ ಮಾತ್ರ ಪಾತ್ರೆ ಉಜ್ಜುವ ನಾರಿಗಿಂತ ಒರಟು. "ನಿಂತ್ಕೊಂಡು ತಿಂತೀಯಲ್ಲ ಅತ್ತಿಗೆ, ಕುದುರೆ ಜಾತಿನಾ ನೀನು?" ಎಂದು ದಿನಾ ಚುಚ್ಚುವಳು. ಸೌಟಜ್ಜಿ ಅದಕ್ಕೆಲ್ಲ ಸೊಪ್ಪು ಹಾಕುವ ಪೈಕಿ ಅಲ್ಲ.

ಹೀಗಿರುವಾಗ ಶಾಲೆಗೆ ಒಂದು ಹೊಸ ಹುಡುಗಿ ಬಂದಳು. ಯಾವುದೋ ದೂರದ ದೇಶ; ಆ ಹೆಸರಿಗೆ ಸೌಟಜ್ಜಿಯ ನಾಲಿಗೆ ಹೊರಳಲೇ ಇಲ್ಲ. ತಂದೆ ಇಲ್ಲಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ, ತಾಯಿ ಇನ್ನೂ ಅಲ್ಲೇ ಇದ್ದಳು. ಹುಡುಗಿಗೆ ಇಲ್ಲಿನ ಮಾತು ಒಂದೂ ಬಾರದು. ಬೆರಳಿನಷ್ಟು ಜಡೆ, ಕಡ್ಡಿಯಂಥ ಕೈಕಾಲು. ಸೌಟಜ್ಜಿ ನೋಡಿದ ಮೊದಲ ದಿನವೇ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಳು. ಗುಬ್ಬಿಯಾದರೂ ಕಾಳು ಹೆಕ್ಕುತ್ತದೆ, ಇವಳು ಅದೂ ಇಲ್ಲ. ತಟ್ಟೆ ತುಂಬ ಹಾಕಿಸಿಕೊಂಡು ಹೋಗಿ ಬೆಂಚಿನ ಮೇಲೆ ನೆಟ್ಟಗೆ ಕೂರುವಳು, ಕಿಟಕಿಯ ಕಡೆಗೇ ನೋಡುವಳು. ಉಳಿದವರದ್ದೆಲ್ಲ ಮುಗಿಯುವ ಹೊತ್ತಿಗೆ ಎದ್ದು ಬಂದು, ಮುಟ್ಟದ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಎರಡೂ ಕೈಯಿಂದ ಒಳಕ್ಕೆ ತಳ್ಳುವಳು.

"ನೋಡಿದ್ಯಾ ಹೆಂಗೆ ತಳ್ತಾಳೆ" ಎಂದಳು ಸೌಟಜ್ಜಿ. "ನಿನ್ನ ಊಟ ನೀನೇ ಇಟ್ಕೋ ಅನ್ನೋ ಹಂಗೆ."

"ಪುಟ್ಟ ಮಗು, ಅದಕ್ಕೇನ್ ಗೊತ್ತಾಗುತ್ತೆ ಬಿಡು" ಎಂದಳು ನಾದಿನಿ.

ಬಿಡುವುದು ಹೇಗೆ? ಯಾವ ಮಗುವೂ ಹಸಿದು ಹೋಗಬಾರದೆಂದು ಜೀವಮಾನವೆಲ್ಲ ಕಾದವಳ ಕಣ್ಣೆದುರಿಗೇ ಒಂದು ಮಗು ದಿನಾ ಖಾಲಿ ಹೊಟ್ಟೆಯಲ್ಲಿ ಹೋಗುತ್ತಿದೆ. ಸೌಟಜ್ಜಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಅಷ್ಟರಲ್ಲಿ ನರ್ಸ್ ಬಂದು ಮಕ್ಕಳ ತೂಕ ನೋಡಿದವಳು ಗುಬ್ಬಿಯ ತೂಕ ಇಳಿದಿದೆ ಎಂದಳು. ತಂದೆ ಹೆಡ್ ಮೇಡಂ ಹತ್ತಿರ ಬಂದು, ಹೀಗೇ ಆದರೆ ಮಗಳನ್ನು ದೂರದ ಇನ್ನೊಂದು ಪಟ್ಟಣದಲ್ಲಿರುವ ಅವಳ ಚಿಕ್ಕಮ್ಮನ ಮನೆಗೆ ಬಿಡುತ್ತೇನೆ, ನನಗೆ ಬೇರೆ ದಾರಿ ಕಾಣುತ್ತಿಲ್ಲ ಎಂದ. ಇಷ್ಟನ್ನು ಸೌಟಜ್ಜಿ ಹೆಡ್ ಮೇಡಂ ಬಾಯಿಂದಲೇ ಕೇಳಿದಳು.

ಭೂಗೋಳದ ಟೀಚರ್ ಒಂದು ಉಪಾಯ ಹೇಳಿದಳು. "ಅಜ್ಜಿ, ಬೇರೆ ಬೇರೆ ದೇಶದ ಮಕ್ಕಳು ಶಾಲೇಲಿ ಏನ್ ತಿಂತಾರೋ ದಿನಕ್ಕೊಂದು ಮಾಡೋಣ. ಯಾವುದಾದ್ರೂ ಒಂದು ಇವಳ ನಾಲಿಗೆಗೆ ಹತ್ತಬಹುದು." ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದಳು. ಫ್ರಾನ್ಸಿನಲ್ಲಿ ಮೊದಲು ತರಕಾರಿ, ಆಮೇಲೆ ಮಾಂಸ, ಕೊನೆಗೆ ಚೀಸು ಹಣ್ಣು, ಒಂದಾದ ಮೇಲೊಂದು. ಬ್ರೆಜಿಲಿನಲ್ಲಿ ಅನ್ನದ ಪಕ್ಕಕ್ಕೆ ಬೇಯಿಸಿದ ಕಪ್ಪು ಬೀನ್ಸ್ ಕಾಳು. ಜಪಾನಿನಲ್ಲಿ ಮಕ್ಕಳೇ ಬಿಳಿ ಟೋಪಿ ಹಾಕಿಕೊಂಡು ಒಬ್ಬರಿಗೊಬ್ಬರು ಬಡಿಸುತ್ತಾರೆ. ಈ ಕೊನೆಯ ಚಿತ್ರ ನೋಡಿ ಸೌಟಜ್ಜಿ ಹುಬ್ಬು ಗಂಟಿಕ್ಕಿದಳು. "ಮತ್ತೆ ಅಜ್ಜಿ ಏನ್ ಮಾಡ್ಬೇಕು ಅಲ್ಲಿ? ನೊಣ ಹೊಡೀತಾ ಕೂರ್ಬೇಕಾ?"

ಆದರೂ ಮಾಡಿದಳು. ಕಾಳು ಬೇಯಿಸಿದಳು, ಗುಬ್ಬಿ ತಟ್ಟೆ ತಳ್ಳಿದಳು. ಬೆಣ್ಣೆ ಹಾಕಿ ಆಲೂಗಡ್ಡೆ ಕಿವುಚಿದಳು, ಅದನ್ನೂ ತಳ್ಳಿದಳು. ಮೀನಿನ ಸೂಪು ಮಾಡಿದ ದಿನ ಇಡೀ ಶಾಲೆ ಮೂಗು ಮುಚ್ಚಿಕೊಂಡಿತು, ಗುಬ್ಬಿ ಮಾತ್ರ ಮೂಗು ಮುಚ್ಚದೆ, ಮರ್ಯಾದೆಯಿಂದಲೇ ತಳ್ಳಿದಳು.

ಆಮೇಲೆ ನೂಡಲ್ಸ್ ಮಾಡಿದ ದಿನ ಬಂತು. "ಇದೇನು, ಹೊಲಿಗೆ ದಾರ ಬೇಯಿಸಿದ ಹಂಗಿದೆ" ಎಂದು ನಾದಿನಿ ನಕ್ಕಳು. ಸೌಟಜ್ಜಿಗೆ ಅದಕ್ಕೆ ಹಾಕಿದ ಸಾಸಿನ ವಾಸನೆಯ ಗುರುತೇ ಇರಲಿಲ್ಲ. ಮೂಗು ಮೊದಲ ಸಲ ಕೈಕೊಟ್ಟಿತು. ಬಡಿಸಲು ಶುರುಮಾಡಿದ ಮೇಲೆ ಅನುಮಾನ ಹತ್ತಿತು: ಉಪ್ಪು ಹೆಚ್ಚಾಗಿದ್ದರೆ ಏನು ಗತಿ? ತಡೆಯಲಾರದೆ ಕಿಟಕಿಯ ಬಳಿಯೇ ನಿಂತು ಒಂದೆಳೆ ಬಾಯಿಗೆ ಹಾಕಿಕೊಂಡಳು. ಜನ್ಮದಲ್ಲಿ ಮಾಡದ ಕೆಲಸ ಮಾಡಿದ ನಾಚಿಕೆಗೆ ತಲೆ ತಗ್ಗಿಸಿದಳು. ತಲೆ ಎತ್ತಿದಾಗ ನಾದಿನಿ ಅವಳ ಸೆರಗು ಜಗ್ಗುತ್ತಿದ್ದಳು. "ಅತ್ತಿಗೆ, ಅಲ್ನೋಡು, ಅಲ್ನೋಡು."

ಗುಬ್ಬಿ ತಿನ್ನುತ್ತಿದ್ದಳು. ತಟ್ಟೆಯೊಳಗೆ ಮುಖ ಹುದುಗಿಸಿ, ಉಸಿರು ತೆಗೆಯದೆ, ತಳ ಕಾಣುವವರೆಗೆ.

ಸೌಟಜ್ಜಿ ಬೀಗಿದ್ದೇ ಬೀಗಿದ್ದು. ಕೀಲಿಕೈ ಸಿಕ್ಕಿಬಿಟ್ಟಿತಲ್ಲ, ನೂಡಲ್ಸ್! ಮಾರನೆಯ ದಿನವೂ ಅದನ್ನೇ ಮಾಡಿದಳು. ಈಗ ಉಪ್ಪಿನ ಅಂದಾಜು ಸಿಕ್ಕಿತ್ತು, ರುಚಿ ನೋಡುವ ಪ್ರಮೇಯವಿರಲಿಲ್ಲ. ಗುಬ್ಬಿ ಕೂತಳು, ಕಿಟಕಿ ನೋಡಿದಳು, ಎದ್ದು ಬಂದಳು, ತಟ್ಟೆ ತಳ್ಳಿದಳು. ಅದರ ಮಾರನೆಯ ದಿನವೂ ನೂಡಲ್ಸ್ ಎಂದಾಗ ಉಳಿದ ಮಕ್ಕಳು ಗೋಳೋ ಎಂದರು. ಗುಬ್ಬಿ ಅವತ್ತೂ ತಳ್ಳಿದಳು.

ಸೌಟಜ್ಜಿಯ ಕಣ್ಣಲ್ಲಿ ನೀರು ಬಂತು. ಈರುಳ್ಳಿ ಹೆಚ್ಚುತ್ತಿದ್ದೇನೆ ಎನ್ನಲು ಎದುರಿಗೆ ಈರುಳ್ಳಿಯೂ ಇರಲಿಲ್ಲ. ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಹೆಡ್ ಮೇಡಂ ಕೋಣೆಗೆ ಹೋದಳು. "ಆ ಮಗು ಅಪ್ಪನ್ನ ನಾಳೆ ಊಟದ ಹೊತ್ತಿಗೆ ಕರೆಸಿ ಮೇಡಂ. ನಾನ್ ಮಾಡಿರೋ ತಪ್ಪೇನು ಅಂತ ಅವಳು ಬಾಯ್ಬಿಟ್ಟು ಹೇಳ್ಲಿ. ನನ್ನ ಕೈ ಅಡುಗೆ ಸೇರಲ್ಲ ಅಂದ್ರೆ ನಾನೇ ಬಿಟ್ ಹೋಗ್ತೀನಿ. ಆ ಮಗು ಯಾಕೆ ಹೋಗ್ಬೇಕು?"

ತಂದೆ ಕೆಲಸದ ಬಟ್ಟೆಯಲ್ಲೇ ಓಡಿ ಬಂದ. ಮಕ್ಕಳ ಬೆಂಚಿನ ಮೇಲೆ ಮಗಳ ಪಕ್ಕ ಮೊಣಕಾಲು ಮಡಚಿ ಕೂತು ಅವರ ಭಾಷೆಯಲ್ಲಿ ಮೆಲ್ಲಗೆ ಕೇಳಿದ. ಹುಡುಗಿ ಮೊದಲು ತಲೆ ಅಲ್ಲಾಡಿಸಿದಳು. ಆಮೇಲೆ ಕಿಟಕಿಯ ಕಡೆ ಬೆರಳು ತೋರಿಸಿ ಏನೋ ಪಿಸುಗುಟ್ಟಿದಳು. ತಂದೆ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಅವನು ಅಳುತ್ತಿದ್ದಾನೋ ನಗುತ್ತಿದ್ದಾನೋ ಯಾರಿಗೂ ತಿಳಿಯಲಿಲ್ಲ.

ಕಿಟಕಿಯ ಬಳಿ ಬಂದು ತಡೆತಡೆದು ಹೇಳಿದ. "ಅಮ್ಮಾ, ತಪ್ಪು ನಂದು. ನಮ್ಮ ಕಡೆ ಅವಳ ಶಾಲೇಲಿ ಅಡುಗೆ ಮಾಡಿದವರೇ ಮಕ್ಕಳ ಜೊತೆ ಕೂತು ಮೊದಲ ತುತ್ತು ತಿನ್ನೋದು. ಅವರು ತಿನ್ನೋವರೆಗೂ ಮಕ್ಕಳು ಮುಟ್ಟಲ್ಲ. ಮನೇಲಿ ನಾನು ಅಡುಗೆ ಮಾಡ್ತೀನಿ, ನಾನು ಮೊದಲು ತಿಂತೀನಿ, ಅದಕ್ಕೇ ನಂಗೆ ಹೊಳೀಲೇ ಇಲ್ಲ."

"ಹಂಗಾದ್ರೆ ತಟ್ಟೆ ಯಾಕಪ್ಪ ತಳ್ತಾಳೆ ದಿನಾ?"

"ತಳ್ಳಿದ್ದಲ್ಲ ಅಮ್ಮಾ, ನಿಮಗೆ ಕೊಟ್ಟಿದ್ದು. ಇಷ್ಟು ಜನಕ್ಕೆ ಅಡುಗೆ ಮಾಡಿದ್ರೂ ಆ ಅಜ್ಜಿಗೆ ಇಲ್ಲಿ ಯಾರೂ ಊಟ ಕೊಡಲ್ಲ ಅಂದ್ಕೊಂಡಿದಾಳೆ. ನನ್ನ ಪಾಲಾದ್ರೂ ತಿನ್ಲಿ ಅಂತ ಇಟ್ಟು ಹೋಗ್ತಿದ್ಲಂತೆ. ನಂಗೆ ಹೇಳಿದ್ರೆ ನಿಮ್ಮನ್ನ ಯಾರಾದ್ರೂ ಬೈತಾರೆ ಅಂತ ಹೆದರಿ ಹೇಳಿಲ್ಲ."

ಸೌಟಜ್ಜಿ ಕಟ್ಟೆ ಹಿಡಿದು ನಿಂತಳು. ಆ ತಟ್ಟೆಗಳನ್ನೆಲ್ಲ ಅವಳು ಸಿಡುಕಿನಿಂದ ಬಕೆಟ್ಟಿಗೆ ಸುರಿದಿದ್ದಳು. ಹಾಗೆ ಸುರಿಯುವಾಗ ಈ ಹುಡುಗಿ ಬಾಗಿಲ ಬಳಿ ನಿಂತು ತಿರುಗಿ ನೋಡಿದ್ದೂ ನೆನಪಾಯಿತು. ನಾದಿನಿ ನಾರನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು.

"ಹೋಗು ಅತ್ತಿಗೆ" ಎಂದಳು. "ಬಡಿಸೋದು ನಾನ್ ನೋಡ್ಕೋತೀನಿ."

ಬಾಯಲ್ಲಿ ಹೇಳುವಷ್ಟು ಸುಲಭವೇ ಅದು? ಮಕ್ಕಳಿಗಿಂತ ಮುಂಚೆ ಅಗಿಯುವ ದವಡೆ ತನ್ನದಾಗಬಾರದು ಎಂದುಕೊಂಡೇ ಅವಳು ಈ ಮುದಿಪ್ರಾಯಕ್ಕೆ ಬಂದವಳು. ಆದರೂ ಒಂದು ತಟ್ಟೆಗೆ ಬಡಿಸಿಕೊಂಡು ಊಟದ ಕೋಣೆಗೆ ಕಾಲಿಟ್ಟಳು. ಮಕ್ಕಳೆಲ್ಲ ಬಾಯಿಬಿಟ್ಟು ನೋಡಿದರು. ಸೌಟಜ್ಜಿಗೆ ಸೊಂಟದ ಕೆಳಗೆ ಕಾಲುಗಳೂ ಇವೆ ಎಂದು ಅವರಲ್ಲಿ ಎಷ್ಟೋ ಜನಕ್ಕೆ ಅವತ್ತೇ ಗೊತ್ತಾದದ್ದು. ಬೆಂಚು ಕಿರ್ರೆಂದಿತು. ಗುಬ್ಬಿಯ ಎದುರಿಗೆ ಕೂತು, ಕಣ್ಣು ಮುಚ್ಚಿ, ಒಂದು ತುತ್ತು ಬಾಯಿಗಿಟ್ಟಳು.

ಬಿಸಿಯಾಗಿತ್ತು. ತನ್ನ ಅಡುಗೆ ಬಿಸಿಯಿದ್ದಾಗ ಹೀಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಕಣ್ಣು ತೆರೆದಾಗ ಗುಬ್ಬಿಯ ಎರಡೂ ಕೆನ್ನೆ ಉಬ್ಬಿದ್ದವು. ತಂದೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಚಿಕ್ಕಮ್ಮನ ಮನೆಯ ಮಾತು ಅಲ್ಲಿಗೆ ನಿಂತಿತು. ಸೌಟಜ್ಜಿ ಮಾತ್ರ ಹಟಮಾರಿಯೇ, ತನ್ನದೇ ಒಂದು ದಾರಿ ಮಾಡಿಕೊಂಡಳು. ಮೊದಲು ಎಲ್ಲರ ಮುಂದೆ ಕೂತು ಒಂದೇ ತುತ್ತು, ಅದು ಗುಬ್ಬಿಗಾಗಿ. ಉಳಿದದ್ದನ್ನು ತಟ್ಟೆಯಲ್ಲೇ ಮುಚ್ಚಿಟ್ಟು ಕಿಟಕಿಗೆ ಓಟ; ಕೊನೆಯ ಮಗು ಉಂಡ ಮೇಲೆಯೇ ಎರಡನೆಯ ತುತ್ತು. ಎರಡೂ ಕಡೆಯ ಮರ್ಯಾದೆ ಉಳಿಯಿತು ಎಂದು ಒಳಗೊಳಗೇ ಹಿಗ್ಗಿದಳು.

ಆದರೆ ಗುಬ್ಬಿ ಅಷ್ಟಕ್ಕೆಲ್ಲ ಮೋಸಹೋಗುವವಳಲ್ಲ. ತನ್ನದು ಮುಗಿದ ಮೇಲೂ ಅವಳು ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಮಕ್ಕಳೆಲ್ಲ ಆಟಕ್ಕೆ ಓಡಿದ ಮೇಲೆ ಸೌಟಜ್ಜಿ ಬಂದು ಕೂತು ತಟ್ಟೆಯ ಮುಚ್ಚಳ ತೆಗೆಯುವ ತನಕ, ಅವಳು ತಿಂದು ಮುಗಿಸುವ ತನಕ, ಕಾಲು ತೂಗಾಡಿಸುತ್ತ ಎದುರಿಗೇ ಇರುವಳು. "ಹೋಗೇ, ಆಟ ಆಡ್ಕೋ ಹೋಗು" ಎಂದರೆ ಅರ್ಥವಾಗದವಳ ಹಾಗೆ ಮುಖ ಮಾಡುವಳು.

ಒಂದು ದಿನ ಸೌಟಜ್ಜಿಯ ತಟ್ಟೆ ಖಾಲಿಯಾಗುವುದನ್ನೇ ಕಾದು ನೋಡಿದವಳು ಬೆಂಚಿನಿಂದಿಳಿದು ಅಡುಗೆಮನೆಯೊಳಗೆ ಹೋದಳು. ಪಾತ್ರೆಯಲ್ಲಿದ್ದ ಸೌಟನ್ನು ತುಂಬಿ, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬಂದು ಅವಳ ಪಕ್ಕ ನಿಂತಳು. ಇಲ್ಲಿನ ಭಾಷೆಯಲ್ಲಿ ಅವಳು ಕಲಿತ ಮೊದಲ ಮಾತು ಅಂದು ಬಾಯಿಂದ ಹೊರಬಿತ್ತು.

"ಇನ್ನೊಂಚೂರು ಹಾಕ್ಲಾ?"

ಊರಿನ ಮಕ್ಕಳನ್ನೆಲ್ಲ ಆ ಮಾತು ಕೇಳುತ್ತ ಬಂದವಳನ್ನು ಇಷ್ಟು ವರ್ಷದಲ್ಲಿ ಯಾರೂ ತಿರುಗಿ ಅದನ್ನು ಕೇಳಿರಲಿಲ್ಲ. ಸೌಟಜ್ಜಿಗೆ ಹೊಟ್ಟೆ ತುಂಬಿತ್ತು. ಆದರೂ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.